ನೆರಳು ಹಿಡಿಯುವ ವಿದ್ಯೆ

ಗೃಹಸ್ಥರ ಮನೆಗಳಿಗೆ ವರುಷಕ್ಕೊಮ್ಮೆ ಬರುವ ಹಬ್ಬಗಳಿರುವಂತೆಯೇ ವರುಷಕ್ಕೊಮ್ಮೆ ಬರುವ ಸಂಕಟವೂ ಒಂದುಂಟು. ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿವಸದಿಂದ ಮಳೆಗಾಲ ಬಲಿಯುವವರೆಗೆ, ಬೆಳೆದ ಮಕ್ಕಳಿರುವ ಯಾವ ಮನೆಯ ಜಗಲಿಯಲ್ಲಿ ಕುಳಿತರೂ ಕಿವಿಗೆ ಬೀಳುವ ಮಾತು ಒಂದೇ: "ಮುಂದೇನು?" ಪ್ರಶ್ನೆ ಬಹಳ ಚಿಕ್ಕದು, ಕೇಳುವುದು ಮಕ್ಕಳನ್ನೇ. ಆದರೆ ಉತ್ತರವನ್ನು ಹಿರಿಯರಾದ ನಾವು ಬಹುಕಾಲ ಮೊದಲೇ ಸಿದ್ಧಪಡಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರುತ್ತೇವೆ. ಡಾಕ್ಟರು, ಇಲ್ಲವೆ ಇಂಜಿನಿಯರು; ಇವೆರಡರ ಹೊರಗೆ ಲೋಕವೇ ಇಲ್ಲವೆಂಬುದು ನಮ್ಮ ಕಾಲದ ಗೃಹಸ್ಥರ ದೃಢವಾದ ನಂಬಿಕೆ.

ನಾವು ಮೂವತ್ತು ವರುಷಗಳಿಗೂ ಮಿಕ್ಕಿ ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತವನ್ನು ಕಲಿಸಿ ನಿವೃತ್ತರಾದವರು. ವಿದ್ಯೆಗಳಲ್ಲಿ ಮೇಲು ಕೀಳುಗಳಿಲ್ಲವೆಂದು ತರಗತಿಯಲ್ಲಿ ಎಷ್ಟೋ ಸಲ ಬೋಧಿಸಿದ ಈ ಬಾಯಿಯೇ ನಮ್ಮ ಮನೆಯ ಕೂಸಿನ ಮುಂದೆ ಒಂದು ವಿದ್ಯೆಯನ್ನು ಹೀನೈಸಿ ಆಡಿತು. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿಯೂ, ಆ ವಿದ್ಯೆಯ ವಿಷಯವಾಗಿ ತಡವಾಗಿಯಾದರೂ ನಾವು ತಿಳಿದುಕೊಂಡ ಕೆಲವು ಸಂಗತಿಗಳನ್ನು ವಾಚಕ ಮಹಾಶಯರ ಮುಂದಿಡುವುದಕ್ಕಾಗಿಯೂ ಈ ಲೇಖನವನ್ನು ಬರೆಯುತ್ತಿದ್ದೇವೆ. ರೋಗಿಯ ಶರೀರದ ಒಳಗನ್ನು ಯಂತ್ರದ ಸಹಾಯದಿಂದ ಚಿತ್ರವಾಗಿ ತೆಗೆಯುವುದೇ ಆ ವಿದ್ಯೆ. ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಎಂಬ ಹೆಸರುಗಳನ್ನು ಕೇಳದ ಮನೆ ಈಗ ಇಲ್ಲ. ಆದರೆ ಆ ಯಂತ್ರಗಳ ಹಿಂದೆ ನಿಂತಿರುವವರು ಯಾರು, ಅವರು ಏನನ್ನು ಕಲಿತು ಅಲ್ಲಿಗೆ ಬಂದರು ಎಂದು ವಿಚಾರಿಸಿದವರು ವಿರಳ. ನಾವೂ ವಿಚಾರಿಸಿದವರಲ್ಲ.

ನಮ್ಮ ತಮ್ಮನು ತೀರಿಕೊಂಡಾಗ ಅವನ ಮಗಳಿಗೆ ಒಂಬತ್ತು ವರುಷ. ಅವನಿಗೆ ಹೊಟ್ಟೆನೋವೆಂದು ಆರೇಳು ತಿಂಗಳು ಒಂದು ಔಷಧಿಯಾದ ಮೇಲೆ ಇನ್ನೊಂದು ಔಷಧಿ ನಡೆಯಿತು. ಕಾಯಿಲೆ ಇಂಥದೆಂದು ಕಡೆಗೊಮ್ಮೆ ತಿಳಿದಾಗ, ತಿಳಿದು ಪ್ರಯೋಜನವಿಲ್ಲದಷ್ಟು ಕಾಲ ಮೀರಿತ್ತು. ಅಂದಿನಿಂದ ತಾಯಿಯೂ ಮಗಳೂ ನಮ್ಮೊಡನೆಯೇ ಇರುವರು. ಈ ಮಗು ಡಾಕ್ಟರಾಗಬೇಕೆಂದು ನಾವು ಸಂಕಲ್ಪ ಮಾಡಿದ್ದು ತಮ್ಮನ ಉತ್ತರಕ್ರಿಯೆಗಳು ಮುಗಿದ ವಾರದಲ್ಲಿಯೇ. ಸಂಕಲ್ಪ ಮಾಡಿದವರು ನಾವು. ಅದನ್ನು ಹೊತ್ತು ನಡೆಯಬೇಕಾದವಳು ಅವಳು.

೨೦೨೩ನೆಯ ಇಸವಿಯಲ್ಲಿ ಅವಳು ನೀಟ್ ಪರೀಕ್ಷೆಗೆ ಕುಳಿತಳು. ಉತ್ತೀರ್ಣಳಾದಳು, ಆದರೆ ಸರಕಾರಿ ಸ್ಥಾನ ದೊರೆಯುವಷ್ಟು ಮೇಲಿನ ಸಂಖ್ಯೆ ಬರಲಿಲ್ಲ. ಖಾಸಗಿ ಕಾಲೇಜಿನ ಶುಲ್ಕವನ್ನು ಕೇಳಿದಾಗ ನಮ್ಮ ಪಿಂಚಣಿಯನ್ನು ಎಷ್ಟು ಸಲ ಗುಣಿಸಿದರೂ ಅದರ ಹತ್ತಿರ ಸುಳಿಯುವ ಹಾಗಿರಲಿಲ್ಲ. ಉಳಿದ ದಾರಿ ಒಂದೇ: ಅಪ್ಪಯ್ಯನವರು ನೆಟ್ಟು ಬೆಳೆಸಿದ ಅಡಕೆ ತೋಟ. ಅದನ್ನು ಮಾರುವುದೆಂದು ನಾವು ಮನಸ್ಸಿನಲ್ಲಿಯೇ ನಿಶ್ಚಯಿಸಿ, ಒಬ್ಬಿಬ್ಬರೊಡನೆ ಮಾತನ್ನೂ ಆಡಿದ್ದೆವು.

ಸುದ್ದಿ ಅವಳ ಕಿವಿಗೆ ಬಿತ್ತು. ಒಂದು ಸಂಜೆ ದೇವರ ದೀಪ ಹಚ್ಚಿ ಬಂದವಳು ನಮ್ಮ ಎದುರಿಗೆ ನಿಂತು, "ದೊಡ್ಡಪ್ಪ, ತೋಟ ಮಾರಬೇಡಿ. ನನಗೆ ಡಾಕ್ಟರಾಗುವುದು ಬೇಡ. ಎಕ್ಸ್‌ರೇ, ಸ್ಕ್ಯಾನಿಂಗ್ ತೆಗೆಯುವ ವಿದ್ಯೆಗೇ ಒಂದು ಬಿ.ಎಸ್‌ಸಿ. ಇದೆಯಂತೆ, ಅದಕ್ಕೆ ಸೇರುತ್ತೇನೆ" ಎಂದಳು. ನಮಗೆ ಒಮ್ಮೆಗೇ ರೇಗಿತು. "ಅಲ್ಲ ಕೂಸೇ, ಗುಂಡಿ ಒತ್ತುವ ಕೆಲಸಕ್ಕೆ ಇಷ್ಟು ಓದಬೇಕಾಗಿತ್ತೆ? ನಿನ್ನ ಅಪ್ಪನನ್ನು ನೆನೆಸಿಕೊಂಡಾದರೂ ಮಾತಾಡಬೇಕು" ಎಂದೆವು. ಅವಳು ತಲೆ ತಗ್ಗಿಸಲಿಲ್ಲ. "ಅಪ್ಪನನ್ನು ನೆನೆಸಿಕೊಂಡೇ ಹೇಳುತ್ತಿದ್ದೇನೆ ದೊಡ್ಡಪ್ಪ. ಅಪ್ಪನಿಗೆ ಔಷಧಿ ಕೊಡುವವರು ಬೇಕಾದಷ್ಟು ಜನ ಇದ್ದರು. ಒಳಗೆ ಏನಾಗಿದೆ ಎಂದು ಕಾಣುವುದೇ ತಡವಾಯಿತು" ಎಂದು ಹೇಳಿ ಒಳಗೆ ಹೋದಳು. ಆ ಮಾತಿಗೆ ಉತ್ತರವಿರಲಿಲ್ಲ. ಉತ್ತರವಿಲ್ಲವೆಂಬ ಕಾರಣಕ್ಕೇ ನಮ್ಮ ಸಿಟ್ಟು ಇನ್ನಷ್ಟು ಹೆಚ್ಚಿತು. ನಾಲ್ಕು ದಿವಸ ಮನೆಯಲ್ಲಿ ಅವಳೊಡನೆ ನಾವು ಮಾತನಾಡಲಿಲ್ಲ.

ಹೀಗಿರಲಾಗಿ, ಆಷಾಢದ ಜಡಿಮಳೆಯಲ್ಲಿ ನಮ್ಮ ಗೃಹಿಣಿಯು ಬಚ್ಚಲುಮನೆಯ ಪಾವಟಿಗೆಯಲ್ಲಿ ಕಾಲು ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಊದಿಕೊಂಡಿತು. ಹತ್ತಿರದ ಪೇಟೆಯಲ್ಲಿ ಎಕ್ಸ್‌ರೇ ತೆಗೆಯುವ ಒಂದು ಚಿಕ್ಕ ಕೇಂದ್ರಕ್ಕೆ ಕರೆದೊಯ್ದೆವು. ಅಲ್ಲಿದ್ದ ಹುಡುಗನು ಎಲ್ಲಿ ನೋವೆಂದು ಸಹ ಕೇಳದೆ, ಕೈಯನ್ನು ಹಲಗೆಯ ಮೇಲೆ ಇಡಿಸಿ ಒಂದು ಚಿತ್ರವನ್ನು ತೆಗೆದು, ತಾನೇ ಬೆಳಕಿಗೆ ಹಿಡಿದು ನೋಡಿ, "ಏನೂ ಆಗಿಲ್ಲ, ಎಣ್ಣೆ ತಿಕ್ಕಿ" ಎಂದನು. ಒಂದು ನಿಮಿಷದ ಕೆಲಸ. ಗುಂಡಿ ಒತ್ತುವ ಕೆಲಸವೆಂದು ನಾವು ಹೇಳಿದ್ದು ಸರಿಯಾಯಿತಲ್ಲ ಎಂದು ನಮಗೆ ಒಳಗೊಳಗೇ ಸಮಾಧಾನವಾಯಿತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ.

ಎಣ್ಣೆ ತಿಕ್ಕಿ ಹನ್ನೆರಡು ದಿವಸವಾದರೂ ಹೆಬ್ಬೆರಳಿನ ಬುಡದ ನೋವು ಇಳಿಯಲಿಲ್ಲ. ಅಕ್ಕಿ ತೊಳೆಯುವುದೂ ಆಗದಾಯಿತು. ಕಡೆಗೆ ಶಿವಮೊಗ್ಗೆಗೆ ಹೊರಟೆವು. ದೊಡ್ಡಮ್ಮನ ಕೈ ಹಿಡಿದುಕೊಂಡು ಕೂಸೂ ಬಂದಳು. ಅಲ್ಲಿಯ ವೈದ್ಯರು ಚೀಟಿ ಬರೆದು ಎಕ್ಸ್‌ರೇ ಕೋಣೆಗೆ ಕಳುಹಿಸಿದರು. ಆ ಕೋಣೆಯಲ್ಲಿದ್ದವರು ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಆಕೆ ಚೀಟಿಯನ್ನು ಓದಿಕೊಂಡು, "ಅಮ್ಮಾ, ಬೀಳುವಾಗ ಅಂಗೈ ಊರಿದಿರಾ?" ಎಂದು ಕೇಳಿದರು. ಹೌದೆಂದ ಮೇಲೆ ಹೆಬ್ಬೆರಳಿನ ಬುಡದಲ್ಲಿರುವ ಚಿಕ್ಕ ಗುಳಿಯನ್ನು ಮೆಲ್ಲನೆ ಒತ್ತಿದರು. ನಮ್ಮ ಗೃಹಿಣಿ ಚೀರಿದಳು. ಕೂಡಲೆ ಆಕೆ ವೈದ್ಯರಿಗೆ ಫೋನು ಮಾಡಿ, ಇನ್ನೂ ಎರಡು ಕೋನಗಳಿಂದ ತೆಗೆಯಲು ಒಪ್ಪಿಗೆ ಪಡೆದುಕೊಂಡರು. ಅಂಗೈಯನ್ನು ಕಿರುಬೆರಳಿನ ಕಡೆಗೆ ಬಾಗಿಸಿ, ಕೆಳಗೆ ಒಂದು ಮೆತ್ತೆಯನ್ನಿಟ್ಟು, "ನೋವಾದರೆ ಹೇಳಿ, ನಿಲ್ಲಿಸುತ್ತೇನೆ" ಎಂದು ಹೇಳಿ ಮತ್ತೆ ಚಿತ್ರಗಳನ್ನು ತೆಗೆದರು.

ನಮ್ಮ ಕೂಸು ಬಾಗಿಲಲ್ಲಿಯೇ ನಿಂತು, "ಇಷ್ಟೊಂದು ಚಿತ್ರ ಏಕೆ ಅಕ್ಕಾ?" ಎಂದು ಕೇಳಿದಳು. ಆಕೆ ನಗುತ್ತ, "ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಒಂದೇ ಕಡೆಯಿಂದ ನೋಡಿದರೆ ಒಂದರ ಹಿಂದೆ ಇನ್ನೊಂದು ಅಡಗಿಕೊಳ್ಳುತ್ತದೆ. ಅಡಗಿರುವುದನ್ನು ಹೊರಗೆ ಕರೆಯುವುದೇ ನಮ್ಮ ಕೆಲಸ" ಎಂದರು. ಆಮೇಲೆ ವೈದ್ಯರು ನಮ್ಮನ್ನು ಕರೆದು ತೋರಿಸಿದರು: ದೋಣಿಯ ಆಕಾರದ ಒಂದು ಪುಟ್ಟ ಎಲುಬಿನ ನಡುವೆ ಕೂದಲೆಳೆಯಂತಹ ಬಿರುಕು. ಆ ಎಲುಬಿಗೆ ರಕ್ತವು ಬಹುಮಟ್ಟಿಗೆ ಒಂದೇ ತುದಿಯಿಂದ ಬರುವುದಂತೆ; ಬಿರುಕನ್ನು ಗಮನಿಸದೆ ಬಿಟ್ಟರೆ ಎಲುಬು ಕೂಡಿಕೊಳ್ಳದೆ ಒಂದು ಭಾಗ ಒಣಗಿಹೋಗುವುದೂ ಉಂಟಂತೆ. ಈ ಬಿರುಕು ಮೊದಲ ದಿವಸಗಳಲ್ಲಿ ಒಳ್ಳೆಯ ಚಿತ್ರದಲ್ಲಿಯೂ ಕೆಲವೊಮ್ಮೆ ಕಾಣುವುದಿಲ್ಲವೆಂದೂ ಅವರು ಹೇಳಿದರು. ಆದುದರಿಂದ ಮೊದಲನೆಯ ಹುಡುಗನಿಗೆ ಅದು ಕಾಣಲಿಲ್ಲವೆಂದು ನಾವು ದೂರುವುದಿಲ್ಲ. ಕೇಳದೆ, ಮುಟ್ಟದೆ, "ಏನೂ ಆಗಿಲ್ಲ" ಎಂದು ವೈದ್ಯನ ಮಾತನ್ನು ತಾನಾಡಿದನಲ್ಲ, ದೋಷವಿರುವುದು ಅಲ್ಲಿ.

ಕೈಗೆ ಪಟ್ಟು ಹಾಕಿಸಿಕೊಂಡು ಮನೆಗೆ ಬಂದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ತರ್ಕಶಾಸ್ತ್ರದ ಮೊದಲ ಪಾಠ ನೆನಪಿಗೆ ಬಂದಿತು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿ ಇದೆಯೆಂದು ಊಹಿಸುವುದು ಅನುಮಾನಪ್ರಮಾಣ. ಅಲ್ಲಿ ಹೊಗೆಯೇ ಹೇತು. ಆದರೆ ಕಂಡದ್ದು ಹೊಗೆಯಲ್ಲದೆ ಬೆಳಗಿನ ಮಂಜಾಗಿದ್ದರೆ? ಊಹಿಸಿದವನು ಎಂತಹ ಮಹಾಪಂಡಿತನಾದರೂ ಅವನ ಸಿದ್ಧಾಂತ ಬಿದ್ದುಹೋಗುವುದು. ಅಂತಹ ಕೆಟ್ಟ ಹೇತುವಿಗೆ ಹೇತ್ವಾಭಾಸವೆಂದು ಹೆಸರು. ವೈದ್ಯನು ರೋಗವನ್ನು ಕಣ್ಣಾರೆ ಕಾಣುವುದಿಲ್ಲ. ಚಿತ್ರವೆಂಬ ಹೊಗೆಯನ್ನು ನೋಡಿ ರೋಗವೆಂಬ ಬೆಂಕಿಯನ್ನು ಊಹಿಸುವನು. ಆ ಹೊಗೆಯನ್ನು ಮಂಜಿನೊಡನೆ ಬೆರೆಯದಂತೆ ಶುದ್ಧವಾಗಿ ಒದಗಿಸುವವರು ಯಾರು? ಆ ಕೋಣೆಯ ಹೆಣ್ಣುಮಗಳು! ಮೂವತ್ತು ವರುಷ ಹೇತ್ವಾಭಾಸವನ್ನು ಪಾಠ ಹೇಳಿದ ನಮಗೆ ಹೇತುವನ್ನು ಕಾಯುವ ವೃತ್ತಿ ಕಣ್ಣೆದುರಿಗಿದ್ದರೂ ಕಾಣಲಿಲ್ಲ.

ಬೆಳಗಾದ ಮೇಲೆ ಕೂಸನ್ನು ಕರೆದು, "ಆ ವಿದ್ಯೆಯ ವಿಷಯ ಹೇಳು ನೋಡೋಣ" ಎಂದೆವು. ಅವಳು ಒಂದು ನೋಟುಪುಸ್ತಕವನ್ನೇ ತಂದಳು. ನಾಲ್ಕು ದಿವಸದ ಮೌನದಲ್ಲಿ ಅವಳು ಅಳುತ್ತ ಕುಳಿತಿರಲಿಲ್ಲ, ಓದಿ ಬರೆದುಕೊಂಡಿದ್ದಳು. ೧೮೯೫ನೆಯ ಇಸವಿ ನವೆಂಬರ್ ೮ರಂದು ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ರಾಂಟ್‌ಜೆನ್ ಎಂಬ ಪ್ರಾಧ್ಯಾಪಕರು ಕಪ್ಪು ಕಾಗದ ಸುತ್ತಿದ ಗಾಜಿನ ಕೊಳವೆಯೊಂದರಿಂದ ಕಾಣದ ಕಿರಣಗಳು ಹೊರಬರುವುದನ್ನು ಕಂಡರು. ಗಣಿತದಲ್ಲಿ ತಿಳಿಯದ ರಾಶಿಗೆ ಇಡುವ ಅಕ್ಷರವನ್ನೇ ಅದಕ್ಕೆ ಇಟ್ಟು ಎಕ್ಸ್ ಕಿರಣವೆಂದರು. ಅದನ್ನೇ ಕನ್ನಡಿಗರು ಕ್ಷ-ಕಿರಣವೆಂದರು. ಆ ವರುಷದ ಡಿಸೆಂಬರಿನಲ್ಲಿ ಅವರು ತಮ್ಮ ಹೆಂಡತಿಯ ಕೈಯ ಚಿತ್ರವನ್ನು ತೆಗೆದರು. ಎಲುಬುಗಳ ನಡುವೆ ಬೆರಳಿನ ಉಂಗುರವೂ ಮೂಡಿತ್ತು. ೧೯೦೧ರಲ್ಲಿ ಭೌತಶಾಸ್ತ್ರದ ಮೊತ್ತಮೊದಲನೆಯ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಹೆಂಡತಿಯ ಕೈಯಿಂದಲೇ ಆ ವಿದ್ಯೆ ಮೊದಲಾಯಿತೆಂದು ಕೇಳಿ, ಪಟ್ಟು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟು ಕುಳಿತಿದ್ದ ನಮ್ಮ ಗೃಹಿಣಿ ನಕ್ಕಳು.

"ಕಿರಣಗಳು ಮೈಗೆ ಕೆಡುಕಲ್ಲವೆ? ನಾಳೆ ಮದುವೆ ಮಕ್ಕಳಾಗಬೇಕಾದ ಹುಡುಗಿ" ಎಂದು ಅವಳ ತಾಯಿ ಕೇಳಿದಳು. ನಮ್ಮ ಮನಸ್ಸಿನಲ್ಲಿದ್ದ ಭಯವೂ ಅದೇ. ಹುಡುಗಿ ಭಯವನ್ನು ಸುಳ್ಳೆನ್ನಲಿಲ್ಲ. ಅಮೆರಿಕೆಯ ಎಡಿಸನ್ನರ ಸಹಾಯಕರಾದ ಕ್ಲಾರೆನ್ಸ್ ಡ್ಯಾಲಿ ಎಂಬವರು ದಿನದಿನವೂ ತಮ್ಮ ಕೈಗಳನ್ನೇ ಕಿರಣಕ್ಕೊಡ್ಡಿ ಪ್ರಯೋಗ ಮಾಡಿ, ಕೈಗಳು ಕೊಳೆತು, ೧೯೦೪ರಲ್ಲಿ ಮರಣ ಹೊಂದಿದರು. ಹಾಗೆ ಪ್ರಾಣ ತೆತ್ತವರ ಹೆಸರುಗಳನ್ನು ಕೆತ್ತಿದ ಒಂದು ಸ್ಮಾರಕವನ್ನು ೧೯೩೬ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ನಿಲ್ಲಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಮೇರಿ ಕ್ಯೂರಿಯವರು ಮೋಟಾರು ಗಾಡಿಗಳಲ್ಲಿ ಎಕ್ಸ್‌ರೇ ಯಂತ್ರಗಳನ್ನು ಹೂಡಿ ರಣರಂಗಕ್ಕೆ ಒಯ್ದರು. ಸುಮಾರು ೧೫೦ ಮಂದಿ ಹೆಂಗಸರಿಗೆ ಆ ಕೆಲಸವನ್ನು ಕಲಿಸಿದರು. ಅವರ ಮಗಳು ಐರೀನ್ ತಾಯಿಯ ಜೊತೆಗೆ ನಿಂತಾಗ ಹದಿನೇಳು ಹದಿನೆಂಟರ ಹುಡುಗಿ. ಗಾಯಾಳುಗಳ ಮೈಯಲ್ಲಿ ಹೊಕ್ಕ ಗುಂಡು ಎಲ್ಲಿದೆಯೆಂದು ಶಸ್ತ್ರವೈದ್ಯರಿಗೆ ತೋರಿಸಿಕೊಟ್ಟವಳು ಅವಳು. ಆ ತಾಯಿ ಮಗಳಿಬ್ಬರಿಗೂ ಕಡೆಗೆ ಬಂದ ರಕ್ತದ ಕಾಯಿಲೆಗೆ ಇಂತಹ ಕಿರಣಗಳೇ ಕಾರಣವೆಂದು ಹೇಳುವರು.

"ಅವರಿಗೆ ಗೊತ್ತಿರಲಿಲ್ಲ ದೊಡ್ಡಪ್ಪ, ನಮಗೆ ಗೊತ್ತಿದೆ" ಎಂದಳು. ಪುರಾಣದಲ್ಲಿ ಸಂಜ್ಞಾದೇವಿಯು ಸೂರ್ಯನ ತೇಜಸ್ಸನ್ನು ತಾಳಲಾರದೆ ತನ್ನ ಛಾಯೆಯನ್ನು ಅಲ್ಲಿ ನಿಲ್ಲಿಸಿ ತಾನು ದೂರ ಸರಿದಳಂತೆ. ಈಗಿನ ಎಕ್ಸ್‌ರೇಯವರು ಮಾಡುವುದೂ ಅದನ್ನೇ: ಕಿರಣ ಹೊಮ್ಮುವ ಕ್ಷಣಾರ್ಧದಲ್ಲಿ ತಾವು ಸೀಸದ ತಡಿಕೆಯ ಹಿಂದೆ ನಿಂತು ನೆರಳನ್ನು ಮಾತ್ರ ಹಿಡಿಯುವರು. ಕಾಲ, ದೂರ, ಆವರಣ ಎಂಬ ಮೂರು ಅವರ ರಕ್ಷಾಸೂತ್ರಗಳು. ಕಿರಣದ ಮೂಲದಿಂದ ಎರಡರಷ್ಟು ದೂರ ಸರಿದರೆ ತಗಲುವ ಕಿರಣ ನಾಲ್ಕನೆಯ ಒಂದು ಪಾಲಿಗೆ ಇಳಿಯುವುದು. ಕೆಲಸದವರು ಎದೆಯ ಮೇಲೆ ಒಂದು ಚಿಕ್ಕ ಬಿಲ್ಲೆಯನ್ನು ಧರಿಸಿರುವರು. ಅವರಿಗೆ ಎಷ್ಟು ಕಿರಣ ತಗಲಿತೆಂಬ ಲೆಕ್ಕವನ್ನು ಅದು ಹಿಡಿದಿಡುವುದು. ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಶಾಲೆಗೆ ಕಳುಹಿಸಿ ಓದಿಸುವರು.

ಲೆಕ್ಕವನ್ನೂ ಕೇಳಿದೆವು. ಮಣ್ಣಿನಿಂದಲೂ ಆಕಾಶದಿಂದಲೂ ನಾವು ತಿನ್ನುವ ಅನ್ನದಿಂದಲೂ ಮನುಷ್ಯನಿಗೆ ಸಹಜವಾಗಿ ವರುಷಕ್ಕೆ ತಗಲುವ ಕಿರಣ, ಲೋಕದ ಸರಾಸರಿಯಲ್ಲಿ, ಸುಮಾರು ೨.೪ ಮಿಲಿಸೀವರ್ಟ್. ಎದೆಯ ಒಂದು ಎಕ್ಸ್‌ರೇಯಿಂದ ರೋಗಿಗೆ ತಗಲುವುದು ೦.೧ ಅಥವಾ ಅದಕ್ಕೂ ಕಡಿಮೆ. ಹೊಟ್ಟೆಯ ಸಿ.ಟಿ. ಪರೀಕ್ಷೆಯಲ್ಲಾದರೋ ೮ರಿಂದ ೧೦ರವರೆಗೆ ಏರುವುದು. ಆದುದರಿಂದ ಅದನ್ನು ವೈದ್ಯರು ಅಗತ್ಯವೆಂದಾಗ ಮಾಡಿಸಬೇಕೇ ಹೊರತು ನಮ್ಮ ಹಟಕ್ಕೆ ಮಾಡಿಸತಕ್ಕದ್ದಲ್ಲ. ಈ ವೃತ್ತಿಯವರಿಗೆ ಐದು ವರುಷಗಳ ಸರಾಸರಿಯಲ್ಲಿ ವರುಷಕ್ಕೆ ೨೦ ಮಿಲಿಸೀವರ್ಟಿಗಿಂತ ಹೆಚ್ಚು ತಗಲಕೂಡದು, ಯಾವ ಒಂದು ವರುಷದಲ್ಲಿಯೂ ೩೦ನ್ನು ಮೀರಕೂಡದು ಎಂದು ನಮ್ಮ ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯು ಗೆರೆ ಎಳೆದಿದೆ. ನಿಯಮ ತಪ್ಪದೆ ನಡೆಯುವ ಎಕ್ಸ್‌ರೇ ಕೋಣೆಯಲ್ಲಿ ಅದರ ಹತ್ತಿರಕ್ಕೂ ಹೋಗುವ ಪ್ರಸಂಗ ಬರುವುದಿಲ್ಲ. ಗರ್ಭಿಣಿಯಾದ ಕೆಲಸಗಾರ್ತಿಗೆ ಇನ್ನೂ ಬಿಗಿಯಾದ ಬೇರೆ ನಿಯಮವುಂಟು. ಇದನ್ನೆಲ್ಲ ಕೇಳಿದ ಮೇಲೆ ಅವಳ ತಾಯಿ, "ಒಲೆಯ ಮುಂದೆ ಹೊಗೆ ಕುಡಿದು ನಾವು ಬದುಕಿದ್ದಕ್ಕಿಂತ ವಾಸಿ" ಎಂದಳು. ಆ ವಾರವೇ ಅರ್ಜಿ ಹೋಯಿತು. ತೋಟದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಈಗ ಆ ವಿದ್ಯೆಯ ಶಾಖೆಗಳ ವಿಚಾರ. ವೇದಕ್ಕೆ ಶಾಖೆಗಳಿರುವಂತೆ ಇದಕ್ಕೂ ಹಲವು ಶಾಖೆಗಳುಂಟು. ಮೂಲವನ್ನು ಓದಿದವರು ಮುಂದೆ ಒಂದೊಂದನ್ನು ವಿಶೇಷವಾಗಿ ಅಭ್ಯಾಸ ಮಾಡುವರು. ಮೊದಲನೆಯದು ಸಾಮಾನ್ಯ ಎಕ್ಸ್‌ರೇ. ಎರಡನೆಯದು ಸಿ.ಟಿ.: ಕೊಳವೆಯು ರೋಗಿಯ ಸುತ್ತಲೂ ತಿರುಗುತ್ತ ಕಿರಣ ಬೀರಿದ ಮೇಲೆ, ಗಣಕಯಂತ್ರವು ಲೆಕ್ಕ ಹಾಕಿ, ಬಾಳೆದಿಂಡನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದಂತೆ ಶರೀರದ ಅಡ್ಡಛೇದಗಳನ್ನು ತೋರಿಸುವುದು. ಇದನ್ನು ನಿರ್ಮಿಸಿದ ಹೌನ್ಸ್‌ಫೀಲ್ಡ್ ಎಂಬವರು ಗ್ರಾಮಾಫೋನ್ ತಟ್ಟೆಗಳಿಗೆ ಪ್ರಸಿದ್ಧವಾಗಿದ್ದ ಇ.ಎಂ.ಐ. ಕಂಪನಿಯ ಇಂಜಿನಿಯರು, ೧೯೭೧ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆದರು. ಮೂರನೆಯದಾದ ಎಂ.ಆರ್.ಐ.ಯಲ್ಲಿ ಕ್ಷ-ಕಿರಣವೇ ಇಲ್ಲ. ಬಲವಾದ ಅಯಸ್ಕಾಂತದ ನಡುವೆ ರೋಗಿಯನ್ನು ಮಲಗಿಸಿ, ಮೈಯ ನೀರಿನಲ್ಲಿರುವ ಜಲಜನಕದ ಪರಮಾಣುಗಳು ರೇಡಿಯೋ ಅಲೆಗೆ ಕೊಡುವ ಮಾರುತ್ತರದಿಂದ ಚಿತ್ರವನ್ನು ಕಟ್ಟುವರು. ಸಾಧಾರಣವಾಗಿ ಬಳಸುವ ೧.೫ ಟೆಸ್ಲಾ ಅಯಸ್ಕಾಂತದ ಬಲ ಭೂಮಿಯ ಕಾಂತಬಲದ ಸುಮಾರು ೩೦,೦೦೦ ಪಟ್ಟು.

ಈ ಅಯಸ್ಕಾಂತವು ಹಗಲಿರುಳು ಎಚ್ಚರವಾಗಿಯೇ ಇರುವುದು. ಯಂತ್ರ ನಿಂತಿದ್ದರೂ ಅದು ನಿಂತಿರುವುದಿಲ್ಲ. ಯಾರಾದರೂ ಕಬ್ಬಿಣದ ಆಮ್ಲಜನಕದ ಸಿಲಿಂಡರನ್ನು ಮರೆತು ಒಳಗೆ ತಂದರೆ ಅದು ಬಾಣದಂತೆ ಹಾರಿಬಂದು ಅಪ್ಪಳಿಸುವುದು. ಆದುದರಿಂದ ಅಲ್ಲಿಯ ತಂತ್ರಜ್ಞರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವರು: ಎದೆಯಲ್ಲಿ ಪೇಸ್‌ಮೇಕರ್ ಇದೆಯೆ? ತಲೆಯಲ್ಲಿ ಶಸ್ತ್ರಚಿಕಿತ್ಸೆಯ ಕ್ಲಿಪ್ಪು ಇದೆಯೆ? ಎಂದಾದರೂ ಕಣ್ಣಿಗೆ ಕಬ್ಬಿಣದ ಚೂರು ಸಿಡಿದದ್ದುಂಟೆ? ನಮ್ಮಂತಹ ಹಿರಿಯರು "ಎಷ್ಟು ಸಲ ಕೇಳುತ್ತೀರಿ" ಎಂದು ಗದರುವುದುಂಟು. ಗದರದೆ ನೆನಪು ಮಾಡಿಕೊಂಡು ಉತ್ತರ ಹೇಳಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.

ನಾಲ್ಕನೆಯದು ಅಣುವೈದ್ಯ ಶಾಖೆ. ಕಿರಣ ಸೂಸುವ ಔಷಧವನ್ನು ಅತ್ಯಲ್ಪವಾಗಿ ರೋಗಿಗೆ ಕೊಟ್ಟು, ಅದು ಮೈಯಲ್ಲಿ ಎಲ್ಲಿ ಸೇರುವುದೆಂಬುದನ್ನು ಹೊರಗಿನಿಂದ ಚಿತ್ರಿಸುವರು. ಅಲ್ಲಿ ಬಳಸುವ ಟೆಕ್ನೀಷಿಯಮ್ ಎಂಬ ವಸ್ತುವು ಆರು ಗಂಟೆಗೊಮ್ಮೆ ತನ್ನ ಬಲದ ಅರ್ಧವನ್ನು ಕಳೆದುಕೊಳ್ಳುವುದು. ಆದುದರಿಂದ ಗಡಿಯಾರವನ್ನು ಬಲ್ಲವರಿಗೇ ಆ ಕೆಲಸ. ಇವಲ್ಲದೆ ಸ್ತನಪರೀಕ್ಷೆಯ ಮ್ಯಾಮೊಗ್ರಫಿ, ರಕ್ತನಾಳಗಳ ಚಿತ್ರ ತೆಗೆಯುವ ಕ್ಯಾಥ್‌ಲ್ಯಾಬ್, ಅರ್ಬುದರೋಗಕ್ಕೆ ಕಿರಣಚಿಕಿತ್ಸೆ ಕೊಡುವ ರೇಡಿಯೋಥೆರಪಿ ಇವೂ ಉಂಟು. ಕಡೆಯದು ಚಿತ್ರ ತೆಗೆಯುವುದಲ್ಲ, ಚಿಕಿತ್ಸೆಗೆ ಸೇರಿದ್ದು. ಆದರೂ ಒಡಹುಟ್ಟಿದ ವಿದ್ಯೆ. ಧ್ವನಿಯ ಅಲೆಗಳಿಂದ ನೋಡುವ ಅಲ್ಟ್ರಾಸೌಂಡ್ ಪರೀಕ್ಷೆಗೆ ಇಂಗ್ಲೆಂಡಿನಲ್ಲಿಯೂ ಅಮೆರಿಕೆಯಲ್ಲಿಯೂ ತಂತ್ರಜ್ಞರೇ ಇರುವರು. ನಮ್ಮ ದೇಶದಲ್ಲಾದರೋ ಅದನ್ನು ಬಹುತೇಕ ವೈದ್ಯರೇ ನಡೆಸುವರು. ಗರ್ಭದ ಶಿಶು ಗಂಡೋ ಹೆಣ್ಣೋ ಎಂದು ಪತ್ತೆಮಾಡಿ ಹೆಣ್ಣನ್ನು ಅಳಿಸುವ ಘೋರಕೃತ್ಯವನ್ನು ತಡೆಯುವುದಕ್ಕಾಗಿ ೧೯೯೪ರಲ್ಲಿ ಕಾನೂನು ಬಂದು, ಆ ಯಂತ್ರವನ್ನು ಯಾರು ಮುಟ್ಟಬಹುದೆಂಬುದಕ್ಕೆ ಕಟ್ಟುನಿಟ್ಟು ಮಾಡಲಾಗಿದೆ. ಅಲ್ಟ್ರಾಸೌಂಡ್ ಕಲಿಸಿ ಕೆಲಸ ಕೊಡಿಸುವೆವೆಂದು ಹಣ ಕೇಳುವವರಿದ್ದರೆ ಗೃಹಸ್ಥರು ಎಚ್ಚರವಾಗಿರಬೇಕು.

ಕಲಿಯುವ ಕ್ರಮ ಹೀಗಿದೆ. ಎಸ್.ಎಸ್.ಎಲ್.ಸಿ. ಇಲ್ಲವೆ ಪಿ.ಯು.ಸಿ. ಮುಗಿಸಿದವರಿಗೆ ನಮ್ಮ ರಾಜ್ಯದ ಪ್ಯಾರಾಮೆಡಿಕಲ್ ಮಂಡಲಿಯ ಡಿಪ್ಲೊಮಾಗಳುಂಟು. ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿದವರು ಪದವಿಗೆ ಸೇರಬಹುದು. ೧೯೯೬ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಈ ಪದವಿಯನ್ನು ಕೊಡುತ್ತದೆ. ಪಾಠದೊಡನೆ ಆಸ್ಪತ್ರೆಯಲ್ಲಿ ಕೈಯಾರೆ ಅಭ್ಯಾಸವೂ ಇರುವುದು. ಮುಂದೆ ಎಂ.ಎಸ್‌ಸಿ. ಮಾಡಿ ಅಧ್ಯಾಪಕರಾಗಬಹುದು, ಯಂತ್ರಗಳನ್ನು ಮಾಡುವ ಕಂಪನಿಗಳಲ್ಲಿ ಕಲಿಸುವ ಕೆಲಸಕ್ಕೆ ಹೋಗಬಹುದು. ೨೦೨೧ರಲ್ಲಿ ಕೇಂದ್ರ ಸರಕಾರವು ಇಂತಹ ಆರೋಗ್ಯ ವೃತ್ತಿಗಳಿಗಾಗಿಯೇ ಒಂದು ಕಾಯಿದೆಯನ್ನು ಮಾಡಿ, ಚಿತ್ರಣ ತಂತ್ರಜ್ಞರನ್ನೂ ಅದರಲ್ಲಿ ಸೇರಿಸಿ, ರಾಷ್ಟ್ರೀಯ ಆಯೋಗವನ್ನು ವಿಧಿಸಿತು. ಇಂಗ್ಲೆಂಡಿನಲ್ಲಿಯೂ ಅಮೆರಿಕೆಯಲ್ಲಿಯೂ ಈ ವೃತ್ತಿಯವರು ೧೯೨೦ರಲ್ಲಿಯೇ ತಮ್ಮ ಸಂಘಗಳನ್ನು ಕಟ್ಟಿಕೊಂಡಿದ್ದರೆಂಬುದನ್ನು ನೆನೆದರೆ ನಾವು ನೂರು ವರುಷ ತಡಮಾಡಿದೆವೆಂದು ಹೇಳಬೇಕಾಗುವುದು.

ಎಲ್ಲವೂ ಸಕ್ಕರೆಯೆಂದು ನಾವು ಹೇಳುವುದಿಲ್ಲ. ಚಿಕ್ಕ ಊರುಗಳ ಖಾಸಗಿ ಕೇಂದ್ರಗಳಲ್ಲಿ ಆರಂಭದ ಸಂಬಳ ಸ್ವಲ್ಪವೇ. ರಾತ್ರಿಯ ಪಾಳಿ ಉಂಟು. ಅಪಘಾತದಲ್ಲಿ ಜಜ್ಜಿಹೋದವರನ್ನು ನಡುರಾತ್ರಿಯಲ್ಲಿ ಎತ್ತಿ ಮಲಗಿಸಬೇಕು. ಚಿತ್ರವನ್ನು ತೆಗೆಯಬಹುದು, ರೋಗ ಇಂಥದೆಂದು ಬರೆದು ರುಜು ಹಾಕುವ ಅಧಿಕಾರ ರೇಡಿಯಾಲಜಿ ಓದಿದ ವೈದ್ಯರದು. ಈ ಮೇರೆಯನ್ನು ಅರಿತು ನಡೆಯುವ ವಿನಯ ಬೇಕು. ಗಣಕಯಂತ್ರವೇ ಚಿತ್ರವನ್ನು ಓದಿ ದೋಷವನ್ನು ಎತ್ತಿ ತೋರಿಸುವ ಕಾಲವೂ ಬಂದಿದೆ. ಆದರೆ ನೋಯುವ ಕೈಯನ್ನು ನೋಯದಂತೆ ತಿರುಗಿಸಿ ಇಡುವುದಕ್ಕೆ ಇನ್ನೊಂದು ಕೈಯೇ ಬೇಕಲ್ಲವೆ? ಸೇರುವ ಮುಂಚೆ ಗೃಹಸ್ಥರು ವಿಚಾರಿಸಬೇಕಾದದ್ದು ಇಷ್ಟು: ಕಾಲೇಜಿಗೆ ವಿಶ್ವವಿದ್ಯಾನಿಲಯದ ಅಥವಾ ಮಂಡಲಿಯ ಮನ್ನಣೆ ಇದೆಯೆ? ಅದಕ್ಕೆ ಸ್ವಂತ ಆಸ್ಪತ್ರೆ ಇದೆಯೆ? ಯಂತ್ರಗಳು ಇವೆಯೆ, ಅಥವಾ ಗೋಡೆಯ ಪಟದಲ್ಲಿ ಮಾತ್ರ ಇವೆಯೆ?

ಇದೆಲ್ಲವನ್ನೂ ಬರೆಯುವುದಕ್ಕೆ ಕಾರಣವಾದ ಕಡೆಯ ಪ್ರಸಂಗವೊಂದನ್ನು ಹೇಳಿ ಮುಗಿಸುತ್ತೇವೆ. ಕಳೆದ ಚಳಿಗಾಲದಲ್ಲಿ ನಮಗೆ ಕೆಮ್ಮು ಹಿಡಿದು ಮೂರು ವಾರ ಬಿಡಲಿಲ್ಲ. ಕೂಸು ಕಲಿಯುತ್ತಿರುವ ಆಸ್ಪತ್ರೆಗೇ ಹೋದೆವು. ಎಕ್ಸ್‌ರೇ ಕೋಣೆಯ ಬಾಗಿಲು ತೆರೆದವಳು ಅವಳೇ. ಅವಳ ಹಿಂದೆ ಕಲಿಸುವವರು ನಿಂತಿದ್ದರು. ಎದೆಯ ಮೇಲೆ ಬಿಲ್ಲೆ ಇತ್ತು. "ಬನ್ನಿ ದೊಡ್ಡಪ್ಪ. ಜನಿವಾರದಲ್ಲಿ ಬೀಗದ ಕೈ ಕಟ್ಟಿದ್ದರೆ ಬಿಚ್ಚಿ ಕೊಡಿ" ಎಂದಳು. ಕಟ್ಟಿದ್ದೆವು, ಬಿಚ್ಚಿ ಕೊಟ್ಟೆವು. ನಮ್ಮ ಎದೆಯನ್ನು ಹಲಗೆಗೆ ಒತ್ತಿ ನಿಲ್ಲಿಸಿ, ಭುಜಗ���ನ್ನು ಮುಂದಕ್ಕೆ ಬಾಗಿಸಿದಳು. ಹಾಗೆ ಮಾಡದಿದ್ದರೆ ಹೆಗಲ ಮೂಳೆ ಶ್ವಾಸಕೋಶಕ್ಕೆ ಅಡ್ಡ ಬರುವುದಂತೆ. ಯಂತ್ರವನ್ನು ಆರಡಿ ದೂರ ಸರಿಸಿದಳು. ದೀಪದ ಹತ್ತಿರ ಕೈ ಹಿಡಿದರೆ ಗೋಡೆಯ ಮೇಲೆ ನೆರಳು ದೊಡ್ಡದಾಗುವುದಷ್ಟೆ. ಹಾಗೆಯೇ ಯಂತ್ರ ಹತ್ತಿರವಿದ್ದರೆ ಹೃದಯವು ಇರುವುದಕ್ಕಿಂತ ದೊಡ್ಡದಾಗಿ ಕಾಣುವುದಂತೆ.

"ಉಸಿರನ್ನು ಪೂರ್ತಿ ಎಳೆದುಕೊಂಡು ಹಿಡಿದುಕೊಳ್ಳಬೇಕು. ಅರ್ಧ ಎಳೆದರೆ ಶ್ವಾಸಕೋಶದ ಬುಡ ಮಂಜುಮಂಜಾಗಿ ಕಾಣುತ್ತದೆ, ಇಲ್ಲದ ಕಾಯಿಲೆ ಇದ್ದ ಹಾಗೆ ಡಾಕ್ಟರಿಗೆ ತೋರುತ್ತದೆ" ಎಂದಳು. ಮಂಜು! ಹೇತ್ವಾಭಾಸದ ಪಾಠವನ್ನು ನಾವು ಅವಳಿಗೆ ಎಂದೂ ಹೇಳಿಕೊಟ್ಟಿರಲಿಲ್ಲ. ಎರಡು ವರುಷದ ಹಿಂದೆ ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆವು. ಆಗಲೂ ಬಾಯಿ ತೆರೆದೆವು. "ಈಗ ಮಾತಾಡಬಾರದು ದೊಡ್ಡಪ್ಪ" ಎಂದು ಹೇಳಿ ಅವಳು ತಡಿಕೆಯ ಹಿಂದೆ ಹೋದಳು. "ಉಸಿರು ಎಳೆಯಿರಿ... ಹಿಡಿಯಿರಿ." ಮೂವತ್ತು ವರುಷ ಮಕ್ಕಳಿಗೆ ಅಪ್ಪಣೆ ಕೊಟ್ಟ ಮೇಷ್ಟ್ರು ಅಪ್ಪಣೆಯಂತೆ ಉಸಿರು ಹಿಡಿದು ನಿಂತೆವು. ಗುಂಡಿ ಒತ್ತಿದ ಸದ್ದು ಕೇಳಿಸಿತು. "ಬಿಡಿ" ಎಂದಳು.

ವೈದ್ಯರು ಚಿತ್ರವನ್ನು ನೋಡಿ, ಎದೆಯಲ್ಲಿ ದೋಷವಿಲ್ಲ, ಬರಿಯ ಶೀತವೆಂದು ಔಷಧಿ ಬರೆದುಕೊಟ್ಟರು. ಕ್ಷಮೆಯನ್ನು ಆ ಸಂಜೆ ಬಸ್ಸಿನ ನಿಲ್ದಾಣದಲ್ಲಿ ಕೇಳಿದೆವು. ಅವಳು ಬೀಗದ ಕೈಯನ್ನು ನಮ್ಮ ಕೈಗೆ ಕೊಟ್ಟು, "ತೋಟದಲ್ಲಿ ಕೊಯ್ಲು ಹೇಗಿದೆ ದೊಡ್ಡಪ್ಪ?" ಎಂದು ಕೇಳಿದಳು.